ನಂಜು ಯಾವುದು? ನಂಜಿಟ್ಟವರಾರು?



ವಿಷವೆಂದರೆ ಏನು ಎಂದು ಯಾರಾದರೂ ಕೇಳಿದರೆ ಉತ್ತರವು ಬಹು ಸುಲಭವೆಂದು ನಮಗೆ ತೋರುತ್ತದೆ. ಕೊಲ್ಲುವುದೇ ವಿಷ. ನಾಗರಹಾವಿನ ಹಲ್ಲಿನಲ್ಲಿರುವುದು ವಿಷ, ಪಾಷಾಣವು ವಿಷ, ಹೊಲಕ್ಕೆ ಸಿಂಪಡಿಸುವ ಎಣ್ಣೆಯು ವಿಷ. ಅನ್ನ, ಬೇಳೆ, ಉಪ್ಪು, ನೀರು ಇವು ವಿಷವಲ್ಲ. ಹೀಗೆ ಜಗತ್ತಿನ ಪದಾರ್ಥಗಳನ್ನೆಲ್ಲ ಎರಡು ಪಾಲು ಮಾಡಿ, ಒಂದು ಪಾಲನ್ನು ಮಕ್ಕಳ ಕೈಗೆ ಎಟುಕದ ಅಟ್ಟದ ಮೇಲೂ ಇನ್ನೊಂದನ್ನು ಅಡುಗೆಮನೆಯಲ್ಲಿಯೂ ಇಟ್ಟು ನಾವು ನಿಶ್ಚಿಂತರಾಗಿದ್ದೇವೆ. ಈ ವಿಂಗಡಣೆಯು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಇಂದು ತಮ್ಮೊಡನೆ ಕುಳಿತು ವಿಚಾರ ಮಾಡಬೇಕೆಂದಿದ್ದೇನೆ. ಇದು ವೈದ್ಯರ ಪಾಲಿಗೆ ಬಿಟ್ಟ ಮಾತೆಂದು ಪುಟವನ್ನು ತಿರುವಿ ಹಾಕಬೇಡಿರಿ. ವಿಷವು ಯಾವುದೆಂಬ ಪ್ರಶ್ನೆಯ ಬೆನ್ನಿಗೆ, ಅದನ್ನು ಇಟ್ಟವರು ಯಾರು ಎಂಬ ಇನ್ನೊಂದು ಪ್ರಶ್ನೆಯು ನಿಂತಿದೆ. ಅದು ವೈದ್ಯಶಾಸ್ತ್ರದ ಪ್ರಶ್ನೆಯಲ್ಲ.

ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರಿಗೆ ಅಡುಗೆಮನೆಯ ಹಿರಿಯರ ನೆನಪು ಇದ್ದೇ ಇರುತ್ತದೆ. ನಾನಿದ್ದ ನಿಲಯದಲ್ಲಿಯೂ ಒಬ್ಬ ಅಜ್ಜನವರಿದ್ದರು. ಯಾವ ಹುಡುಗನ ಕಾಲಿಗಾದರೂ ಮುಳ್ಳು ನೆಟ್ಟು ಕೀವಾಗಿದ್ದರೆ, ಪಂಕ್ತಿಯಲ್ಲಿ ಬಡಿಸುತ್ತ ಬಂದ ಅವರು ಅವನ ಮುಂದೆ ಬದನೆಕಾಯಿ ಪಲ್ಯದ ಸೌಟನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. "ನಿನಗ ಬ್ಯಾಡೋ ತಮ್ಮಾ, ನಂಜಾಗತೈತಿ" ಎಂದು ಹೇಳಿ, ಪಕ್ಕದವನಿಗೆ ಅದೇ ಪಲ್ಯವನ್ನು ಎರಡು ಸೌಟು ಬಡಿಸುತ್ತಿದ್ದರು. ವಿಜ್ಞಾನದ ತರಗತಿಯಿಂದ ಆಗಷ್ಟೇ ಎದ್ದು ಬಂದ ನಮಗೆ ಇದೊಂದು ನಗೆಪಾಟಲಿನ ಸಂಗತಿಯಾಗಿತ್ತು. ಒಂದೇ ಬುಟ್ಟಿಯ ಕಾಯಿ ಒಬ್ಬನಿಗೆ ಊಟವಾಗಿ ಇನ್ನೊಬ್ಬನಿಗೆ ನಂಜಾಗುವುದು ಹೇಗೆ? ಬದನೆಯು ಗಾಯಕ್ಕೆ ಕೇಡೋ ಅಲ್ಲವೋ ಎಂಬ ತರ್ಕವು ಬೇರೆ. ಅದರಲ್ಲಿ ಅಜ್ಜನವರು ತಪ್ಪಿರಲೂಬಹುದು. ಆದರೆ ಅವರ ಬಾಯಲ್ಲಿದ್ದ ಆ ಕನ್ನಡ ಶಬ್ದವು ತಪ್ಪಿರಲಿಲ್ಲ. ನಂಜು ಎಂಬುದು ಕಾಯಿಯೊಳಗೆ ಕುಳಿತಿರುವ ಗುಣವಲ್ಲ. ಅದು 'ಇರುವುದಿಲ್ಲ', 'ಆಗುತ್ತದೆ'. ಇಂಥ ದೇಹಕ್ಕೆ, ಇಂಥ ಹೊತ್ತಿನಲ್ಲಿ, ಇಷ್ಟು ಸೇರಿದರೆ ಆಗುತ್ತದೆ.

ಇದೇ ಮಾತನ್ನು ವಿದ್ವಾಂಸರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿದ ಪ್ಯಾರಾಸೆಲ್ಸಸ್ ಎಂಬ ವೈದ್ಯನ ಮೇಲೆ, ಇವನು ಔಷಧಿಯೆಂದು ವಿಷವನ್ನು ಕೊಡುತ್ತಾನೆಂಬ ಅಪವಾದವು ಬಂದಿತು. 1538ರಲ್ಲಿ ಅವನು ತನ್ನ ಸಮರ್ಥನೆಯನ್ನು ಬರೆಯುತ್ತ, ವಿಷವಲ್ಲದ ವಸ್ತುವೇ ಇಲ್ಲವೆಂದೂ, ವಿಷವನ್ನು ವಿಷವಲ್ಲದಂತೆ ಮಾಡುವುದು ಅಳತೆಯೊಂದೇ ಎಂದೂ ವಾದಿಸಿದನು. ಅವನಿಗಿಂತ ಎಷ್ಟೋ ಶತಮಾನಗಳ ಹಿಂದೆ ನಮ್ಮ ಚರಕಸಂಹಿತೆಯು, ತೀಕ್ಷ್ಣವಾದ ವಿಷವೂ ಯುಕ್ತಿಯಿಂದ ಬಳಸಿದರೆ ಉತ್ತಮ ಔಷಧಿಯಾಗುವುದೆಂದು, ಔಷಧಿಯೂ ಯುಕ್ತಿತಪ್ಪಿದರೆ ವಿಷವಾಗುವುದೆಂದು ಹೇಳಿತ್ತು. ಪಾಷಾಣ, ಎಂದರೆ ಇಂದಿನವರು ಆರ್ಸೆನಿಕ್ ಎನ್ನುವ ವಸ್ತು, ಈಗ ರಕ್ತದ ಕ್ಯಾನ್ಸರಿನ ಒಂದು ಬಗೆಗೆ ಮಾನ್ಯವಾದ ಮದ್ದಾಗಿದೆ. ನಾವು ಬದುಕಲು ಬೇಕೇಬೇಕಾದ ನೀರು ಕೂಡ, ಅಲ್ಪ ಸಮಯದಲ್ಲಿ ಮಿತಿಮೀರಿ ಕುಡಿದರೆ ರಕ್ತದ ಲವಣವನ್ನು ತೆಳುವಾಗಿಸಿ ಮಿದುಳನ್ನು ಊದಿಸಿ ಪ್ರಾಣಕ್ಕೆ ಎರವಾಗಬಲ್ಲದು.

ಅಳತೆಯೊಂದೇ ಸಾಲದು; ಹೊಕ್ಕ ಬಾಗಿಲೂ ಮುಖ್ಯ. ಹಾವಿನ ವಿಷವು ಬಹುಪಾಲು ಸಸಾರಜನಕದಿಂದಾದುದು. ಅದು ರಕ್ತಕ್ಕೆ ಸೇರಿದರೆ ಯಮ, ಹೊಟ್ಟೆಗೆ ಹೋದರೆ ಬಹುಮಟ್ಟಿಗೆ ಬೇಳೆಯಂತೆ ಜೀರ್ಣವಾಗುವ ವಸ್ತು. ಆ ವಿಷವನ್ನೇ ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ, ಕ್ರಮಕ್ರಮವಾಗಿ ಹೆಚ್ಚಿಸುತ್ತ ಕುದುರೆಗೆ ಚುಚ್ಚಿದಾಗ, ಅದರ ರಕ್ತದಲ್ಲಿ ಹುಟ್ಟುವ ಪ್ರತಿವಿಷವೇ ಇಂದು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಹಾವು ಕಡಿದವರನ್ನು ಬದುಕಿಸುತ್ತಿರುವುದು. ಕೊಂದದ್ದೇ ಕಾಯುವುದಾದರೆ, ಕೊಂದದ್ದು ವಸ್ತುವೆಂದು ಹೇಗೆ ಹೇಳೋಣ?

ಇನ್ನು ಕಾಲ. ನನ್ನ ಮಾತೆಲ್ಲ ಇಲ್ಲಿಯೇ ಇದೆ.

ವಿಷಗಳು ಒಂದೇ ವೇಗದಲ್ಲಿ ನಡೆಯುವುದಿಲ್ಲ. ಜೀವಕೋಶಗಳು ಉಸಿರನ್ನು ಬಳಸದಂತೆ ತಡೆಯುವ ಸೈನೈಡಿನಂಥ ವಸ್ತುಗಳಿಗೆ ನಿಮಿಷಗಳು ಸಾಕು. ಕಟ್ಟುಹಾವು ರಾತ್ರಿ ಮಲಗಿದವನನ್ನು ನೋವೇ ಇಲ್ಲದಂತೆ ಕಡಿದು ಹೋದರೆ, ನರಗಳು ಸೋತು ಉಸಿರು ನಿಲ್ಲಲು ಗಂಟೆಗಳು ಹಿಡಿಯುತ್ತವೆ. ಪಾದರಸವು ತಿಂಗಳುಗಳನ್ನೂ ವರ್ಷಗಳನ್ನೂ ತೆಗೆದುಕೊಳ್ಳುತ್ತದೆ. ಈ ನಿಧಾನದ ನಂಜು ನಮ್ಮ ಪೂರ್ವಿಕ ವೈದ್ಯರಿಗೆ ತಿಳಿಯದ್ದಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ವಿಷಚಿಕಿತ್ಸೆಗೆಂದೇ ಅಗದತಂತ್ರವೆಂಬ ಒಂದಂಗವಿದೆ. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ 'ದೂಷೀವಿಷ'ವೆಂಬ ಒಂದು ಬಗೆಯನ್ನು ವರ್ಣಿಸಲಾಗಿದೆ: ಅದು ವೀರ್ಯಗುಂದಿದ ವಿಷ, ಒಡನೆ ಕೊಲ್ಲಲಾರದು, ಕಫದಿಂದ ಮುಚ್ಚಿಕೊಂಡು ಎಷ್ಟೋ ವರುಷ ದೇಹದಲ್ಲಿ ಅಡಗಿದ್ದು, ಕಾಲ ಬಂದಾಗ ಧಾತುಗಳನ್ನು ಕೆಡಿಸುವುದು. ಈ ಶಬ್ದವನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ವಿಷದ ವೇಗವು ಬದಲಾದಂತೆ ಸಾಯುವ ಗಳಿಗೆಯಷ್ಟೇ ಬದಲಾಗುವುದಿಲ್ಲ, ಅಪರಾಧಿಯೂ ಕಾಣದಾಗುತ್ತಾನೆ. ಪಾಷಾಣವನ್ನೇ ನೋಡಿರಿ. ಬಣ್ಣವಿಲ್ಲದೆ, ಹೇಳಿಕೊಳ್ಳುವಂಥ ರುಚಿಯಿಲ್ಲದೆ ಊಟದಲ್ಲಿ ಬೆರೆಯುವ ಆ ಪುಡಿಯು ಯುರೋಪಿನಲ್ಲಿ ಒಂದು ಕಾಲಕ್ಕೆ ಎಷ್ಟು ಮನೆತನಗಳ ಆಸ್ತಿಯನ್ನು ಕೈಬದಲು ಮಾಡಿತೆಂದರೆ, ಅದಕ್ಕೆ 'ವಾರಸಿನ ಪುಡಿ' ಎಂಬ ಅಡ್ಡಹೆಸರೇ ಬಿದ್ದಿತ್ತು. 1836ರಲ್ಲಿ ಜೇಮ್ಸ್ ಮಾರ್ಷ್ ಎಂಬ ಆಂಗ್ಲ ರಸಾಯನಜ್ಞನು, ಸತ್ತವನ ದೇಹದಲ್ಲಿ ಉಳಿದ ಅತಿ ಸ್ವಲ್ಪ ಪಾಷಾಣವನ್ನೂ ಕಂಡುಹಿಡಿಯುವ ಪರೀಕ್ಷೆಯನ್ನು ಪ್ರಕಟಿಸಿದನು. ಅಂದಿನಿಂದ ಒಬ್ಬನು ಒಂದು ರಾತ್ರಿ ಒಂದು ಬಟ್ಟಲಿನಲ್ಲಿ ಬೆರೆಸಿದ ಪಾಷಾಣವು ನ್ಯಾಯಾಲಯದ ಮೇಜಿನ ಮೇಲೆ ಬಂದು ಸಾಕ್ಷಿ ನುಡಿಯತೊಡಗಿತು. ಆದರೆ ಅದೇ ಪಾಷಾಣವು ಬಟ್ಟಲಿನಲ್ಲಿಲ್ಲದೆ ಬಾವಿಯಲ್ಲಿದ್ದರೆ, ಒಂದು ರಾತ್ರಿಯಲ್ಲದೆ ಇಪ್ಪತ್ತು ವರುಷ ಕುಡಿದರೆ, ಯಾವ ನ್ಯಾಯಾಲಯ? ಯಾರ ಮೇಲೆ ಮೊಕದ್ದಮೆ?

ಇದು ಕಲ್ಪನೆಯ ಮಾತಲ್ಲ. ಗಂಗಾ ನದಿಯ ಮುಖಜ ಭೂಮಿಯಲ್ಲಿ, ಎಂದರೆ ಇಂದಿನ ಬಾಂಗ್ಲಾದೇಶ ಮತ್ತು ಪಶ್ಚಿಮ ಬಂಗಾಳದಲ್ಲಿ, ಕೆರೆಕುಂಟೆಗಳ ನೀರು ಕುಡಿದು ವಾಂತಿಭೇದಿಯಿಂದ ಮಕ್ಕಳು ಸಾಯುತ್ತಿದ್ದರು. ಅವರನ್ನು ಉಳಿಸಲೆಂದು 1970ರ ದಶಕದಲ್ಲಿ ಸರ್ಕಾರಗಳೂ, ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್ ಮೊದಲಾದ ಸಂಸ್ಥೆಗಳೂ ಊರೂರಿಗೆ ಕೊಳವೆಬಾವಿಗಳನ್ನು ಕೊರೆಯಿಸಿದವು. ನೀರು ತಿಳಿಯಾಗಿತ್ತು, ತಂಪಾಗಿತ್ತು, ರೋಗಾಣುಗಳಿಂದ ದೂರವಾಗಿತ್ತು. ಆದರೆ ಹಿಮಾಲಯದಿಂದ ಕೊಚ್ಚಿ ಬಂದು ನೆಲೆಸಿದ ಆ ಮಣ್ಣಿನ ಪದರಗಳಲ್ಲಿ ಪಾಷಾಣವಿತ್ತು. ಅದು ಕಾಣದಂತೆ ನೀರಿಗೆ ಇಳಿಯುತ್ತಿತ್ತು. 1980ರ ದಶಕದ ಆರಂಭದಲ್ಲಿ ಕಲ್ಕತ್ತೆಯ ಚರ್ಮವೈದ್ಯರ ಬಳಿಗೆ ಅಂಗೈ ಅಂಗಾಲು ಗಂಟುಗಟ್ಟಿದ, ಮೈಮೇಲೆ ಕಪ್ಪು ಬಿಳಿ ಮಚ್ಚೆಗಳೆದ್ದ ಹಳ್ಳಿಗರು ಬರತೊಡಗಿದಾಗ ಮೊದಲ ಗುರುತು ಸಿಕ್ಕಿತು. ಒಂದು ಜನಸಮುದಾಯಕ್ಕೆ ಒದಗಿದ ವಿಷಪ್ರಾಶನಗಳಲ್ಲಿ ಇತಿಹಾಸದಲ್ಲೇ ಇದು ಅತಿ ದೊಡ್ಡದೆಂದು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2000ದಲ್ಲಿ ತಜ್ಞರು ಬರೆದರು. ನಮ್ಮ ನಾಡಿನಲ್ಲಿಯೂ ಯಾದಗಿರಿ ಜಿಲ್ಲೆಯ ಹಳೆಯ ಚಿನ್ನದ ಗಣಿಯೊಂದರ ಸಮೀಪದ ಕಿರದಳ್ಳಿ ತಾಂಡಾದಲ್ಲಿ ಇದೇ ನಂಜು ಇದೇ ರೋಗವನ್ನು ತಂದುದುಂಟು.

ಎಷ್ಟಾದರೆ ವಿಷ ಎಂಬ ಗೆರೆಯೂ ನಿಂತಲ್ಲಿ ನಿಲ್ಲದು. ಲೀಟರು ನೀರಿಗೆ 50 ಮೈಕ್ರೋಗ್ರಾಂ ಪಾಷಾಣದವರೆಗೆ ಚಿಂತೆಯಿಲ್ಲವೆಂದಿದ್ದ ವಿಶ್ವ ಆರೋಗ್ಯ ಸಂಸ್ಥೆಯು 1993ರಲ್ಲಿ ಅದನ್ನು 10ಕ್ಕೆ ಇಳಿಸಿತು. ಬಾಂಗ್ಲಾದೇಶವು 50ನ್ನೇ ಉಳಿಸಿಕೊಂಡಿದೆ. ಒಂದೇ ಲೋಟ ನೀರು ಒಂದು ಪುಸ್ತಕದಲ್ಲಿ ವಿಷ, ಇನ್ನೊಂದರಲ್ಲಿ ನೀರು. ಬಡದೇಶವು 10ರ ಗೆರೆಯನ್ನು ಎಳೆದರೆ ಕುಡಿಯಲು ಬಾವಿಗಳೇ ಉಳಿಯುವುದು ಕಷ್ಟ. ಅಳತೆಯನ್ನು ದೇಹವೊಂದೇ ಅಲ್ಲ, ಬಡತನವೂ ನಿರ್ಧರಿಸುತ್ತದೆಯೆಂದಾಯಿತು.

ಬಡತನವು ಅಳೆದುಕೊಟ್ಟ ಇನ್ನೊಂದು ವಿಷವನ್ನು ಹೇಳುತ್ತೇನೆ. ಕೇಸರಿ ಬೇಳೆಯೆಂಬುದೊಂದಿದೆ, ನೋಡಲು ತೊಗರಿ ಬೇಳೆಯಂತೆ ಇರುವುದರಿಂದ ಅದಕ್ಕೆ ಕಲಬೆರಕೆ ಮಾಡುವ ಕಳ್ಳ ವ್ಯಾಪಾರಿಗಳೂ ಇದ್ದರು. ಮಳೆ ಕೈಕೊಟ್ಟು ಉಳಿದ ಬೆಳೆಗಳೆಲ್ಲ ಒಣಗಿದಾಗಲೂ ಇದು ಬದುಕಿ ಫಲ ಕೊಡುತ್ತದೆ. ಊಟದಲ್ಲಿ ಒಂದಿಷ್ಟು ಸೇರಿದರೆ ಯಾವ ಬಾಧೆಯೂ ಕಾಣದು. ಬೇರೆ ಕಾಳು ಕಡಿಯಿಲ್ಲದೆ ತಿಂಗಳುಗಟ್ಟಲೆ ಇದನ್ನೇ ತಿಂದವರಿಗೆ ಮಾತ್ರ ಕಾಲುಗಳು ಸೆಟೆದು, ಕೋಲಿಲ್ಲದೆ ನಡೆಯಲಾಗದೆ, ಕಡೆಗೆ ನೆಲದ ಮೇಲೆ ತೆವಳುವ ಸ್ಥಿತಿ ಬರುತ್ತದೆ. ಮತ್ತೆ ಅದು ಗುಣವಾಗುವುದಿಲ್ಲ. ಸಾವೂ ಬರುವುದಿಲ್ಲ. ಮಧ್ಯಪ್ರದೇಶದ ರೀವಾ ಸೀಮೆಯಲ್ಲಿ ಜೀತದಾಳುಗಳಿಗೆ ಕೂಲಿಯೆಂದು ಅಳೆದು ಕೊಡುತ್ತಿದ್ದುದು ಈ ಬೇಳೆಯನ್ನೇ. ಒಡೆಯನು ಗೋದಿಯನ್ನು ಉಂಡು, ರುಚಿಗೊಮ್ಮೆ ಕೇಸರಿ ಬೇಳೆಯನ್ನೂ ಉಂಡು ನೆಟ್ಟಗೆ ನಡೆಯುತ್ತಿದ್ದನು. ಆಳು ಅದನ್ನೇ ಮೂರು ಹೊತ್ತೂ ಉಂಡು ಕುಂಟನಾಗುತ್ತಿದ್ದನು. 1961ರಲ್ಲಿ ಈ ಬೇಳೆಯ ಮಾರಾಟಕ್ಕೆ ನಿಷೇಧ ಬಂದಿತು; ಜೀತವು ಕಾನೂನಿನಿಂದ ರದ್ದಾದುದು 1976ರಲ್ಲಿ. ಬೇಳೆಗೆ ಮೊದಲು ಶಿಕ್ಷೆಯಾಯಿತು, ಹದಿನೈದು ವರುಷಗಳ ಮೇಲೆ ಜೀತಕ್ಕೆ. ಆ ಮನುಷ್ಯನ ಕಾಲನ್ನು ತೆಗೆದುದು ಬೇಳೆಯೋ, ಬೇಳೆಯ ಹೊರತು ಇನ್ನೇನನ್ನೂ ಕೊಡದ ಕೈಯೋ ಎಂದು ತಾವೇ ಹೇಳಿರಿ.

ಕೊಳವೆಬಾವಿ ಕೊಟ್ಟವರಿಗೆ ತಿಳಿದಿರಲಿಲ್ಲ. ಕೂಲಿ ಕೊಟ್ಟವರು ತಿಳಿದೂ ತಿಳಿಯದಂತಿದ್ದರು. ಸ್ಪಷ್ಟವಾಗಿ ತಿಳಿದ ಮೇಲೂ ಸುಮ್ಮನಿದ್ದುದರ ಕಥೆಯು ಜಪಾನ್ ದೇಶದ್ದು. ಕ್ಯೂಷೂ ದ್ವೀಪದ ಮಿನಮಾಟ ಎಂಬ ಊರಿನಲ್ಲಿ ಚಿಸ್ಸೋ ಎಂಬ ಕಂಪನಿಯ ರಾಸಾಯನಿಕ ಕಾರ್ಖಾನೆಯಿತ್ತು. ಅಲ್ಲಿಂದ ಪಾದರಸ ಬೆರೆತ ಕೊಳೆನೀರು ಕೊಲ್ಲಿಗೆ ಹರಿಯುತ್ತಿತ್ತು. ಸಮುದ್ರವು ದೊಡ್ಡದು, ಪಾದರಸವು ಚೂರು. ಕಲಸಿ ಹೋಗುವುದೆಂದು ಯಾರಿಗಾದರೂ ಅನ್ನಿಸುವಂತಿತ್ತು. ಆದರೆ ನೀರಿನಿಂದ ಸಣ್ಣ ಜೀವಿಗೆ, ಅದರಿಂದ ಸಣ್ಣ ಮೀನಿಗೆ, ಅದರಿಂದ ದೊಡ್ಡ ಮೀನಿಗೆ ಏರುತ್ತ ಹೋದಂತೆ ಆ ವಿಷವು ದಟ್ಟವಾಗುತ್ತ ಹೋಯಿತು. ಬೆಸ್ತರ ತಟ್ಟೆಗೆ ಬರುವ ಹೊತ್ತಿಗೆ ಅದು ಚೂರಾಗಿ ಉಳಿದಿರಲಿಲ್ಲ. ಮೊದಲು ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. ಬಳಿಕ ಮನುಷ್ಯರ ಕೈಕಾಲು ನಡುಗಿ, ಮಾತು ತೊದಲಿ, ದೃಷ್ಟಿ ಕುಗ್ಗಿತು. 1956ರ ಮೇ 1ರಂದು ಈ ವಿಚಿತ್ರ ರೋಗವನ್ನು ಸರ್ಕಾರದ ಗಮನಕ್ಕೆ ತಂದವರು ಕಾರ್ಖಾನೆಯದೇ ಆಸ್ಪತ್ರೆಯ ಮುಖ್ಯ ವೈದ್ಯರಾದ ಡಾ. ಹಜಿಮೆ ಹೊಸೊಕಾವ.

ಅವರು ಅಷ್ಟಕ್ಕೆ ನಿಲ್ಲಲಿಲ್ಲ. 1959ರಲ್ಲಿ ಕಾರ್ಖಾನೆಯ ಕೊಳೆನೀರನ್ನೇ ಆಹಾರದಲ್ಲಿ ಬೆರೆಸಿ ಒಂದು ಬೆಕ್ಕಿಗೆ ತಿನ್ನಿಸಿದರು. ದಾಖಲೆಯಲ್ಲಿ ಆ ಬೆಕ್ಕಿನ ಸಂಖ್ಯೆ 400. ಅಕ್ಟೋಬರ್ ತಿಂಗಳಿನಲ್ಲಿ ಅದಕ್ಕೂ ಅದೇ ರೋಗ ಬಂದಿತು. ಇನ್ನು ಸಂಶಯಕ್ಕೆ ಎಡೆಯಿರಲಿಲ್ಲ. ಅವರು ಕಂಪನಿಗೆ ತಿಳಿಸಿದರು. ಕಂಪನಿಯು ಪ್ರಯೋಗವನ್ನು ನಿಲ್ಲಿಸಿ ಫಲಿತಾಂಶವನ್ನು ಮುಚ್ಚಿಟ್ಟಿತು. ಅದೇ ಡಿಸೆಂಬರಿನಲ್ಲಿ, ಮುಂದೆ ಕಾರ್ಖಾನೆಯೇ ಕಾರಣವೆಂದು ತಿಳಿದುಬಂದರೂ ಹೊಸ ಪರಿಹಾರ ಕೇಳತಕ್ಕದ್ದಲ್ಲವೆಂಬ ಕರಾರಿನ ಮೇಲೆ ರೋಗಿಗಳ ಕೈಯಲ್ಲಿ ಸಾಂತ್ವನದ ಹಣವನ್ನಿಟ್ಟಿತು. ವೈದ್ಯರು ಹೊರಗೆ ಬಾಯಿ ಬಿಡಲಿಲ್ಲ. ಆ ಪಾದರಸ ಬಳಸುವ ಉತ್ಪಾದನೆಯು ನಿಂತುದು 1968ರಲ್ಲಿ. ನಡುವೆ ಒಂಬತ್ತು ವರುಷ ಜನರು ಮೀನು ತಿಂದರು, ಮಕ್ಕಳನ್ನು ಹೆತ್ತರು.

ನಾನು ಆ ವೈದ್ಯರನ್ನು ಕಟಕಟೆಯಲ್ಲಿ ನಿಲ್ಲಿಸಲು ಹೊರಟಿಲ್ಲ. ಅವರು ಕೆಟ್ಟವರಾಗಿರಲಿಲ್ಲ. ಕೆಟ್ಟವರಾಗಿದ್ದರೆ ಬೆಕ್ಕಿಗೆ ತಿನ್ನಿಸಿ ನೋಡುವ ಗೊಡವೆಗೇ ಹೋಗುತ್ತಿರಲಿಲ್ಲ. ಭೋಪಾಲದಲ್ಲಿ 1984ರ ಡಿಸೆಂಬರ್ 2-3ರ ರಾತ್ರಿ ಸಾವಿರಾರು ಜನ ಉಸಿರುಗಟ್ಟಿ ಬಿದ್ದಂತೆ ಮಿನಮಾಟದಲ್ಲಿಯೂ ಒಂದೇ ರಾತ್ರಿಯಲ್ಲಿ ಎಲ್ಲವೂ ನಡೆದಿದ್ದರೆ ಅವರು ಬೀದಿಗೆ ಓಡಿಬಂದು ಕೂಗುತ್ತಿದ್ದರೆಂದೇ ನನ್ನ ನಂಬಿಕೆ. ನಿಧಾನದ ವಿಷವು ನಾಲಗೆಗೂ ನಿಧಾನವನ್ನು ಕಲಿಸುತ್ತದೆ. ಇಂದು ಹೇಳದಿದ್ದರೆ ಇಂದೇನೂ ಯಾರೂ ಸಾಯುವುದಿಲ್ಲ, ನಾಳೆ ಹೇಳಿದರಾಯಿತು. ದೂಷೀವಿಷವು ದೇಹದಲ್ಲಿ ಅಡಗಿದಂತೆ ಮಾತೂ ಅಡಗಿ ಕುಳಿತುಕೊಳ್ಳುತ್ತದೆ. 1970ರ ಜುಲೈಯಲ್ಲಿ, ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದ ಹೊಸೊಕಾವ ಅವರು ಆಸ್ಪತ್ರೆಯ ಮಂಚದ ಮೇಲಿನಿಂದಲೇ ಆ ಬೆಕ್ಕಿನ ಸಂಗತಿಯನ್ನು ಸಾಕ್ಷಿ ನುಡಿದರು. ಅಕ್ಟೋಬರಿನಲ್ಲಿ ತೀರಿಕೊಂಡರು. 1973ರ ಮಾರ್ಚಿಯಲ್ಲಿ ನ್ಯಾಯಾಲಯವು ಕಂಪನಿಯನ್ನು ಹೊಣೆಯಾಗಿಸಿ, ಆ ಕರಾರನ್ನೂ ನೀತಿಗೆ ವಿರುದ್ಧವೆಂದು ತಳ್ಳಿಹಾಕಿತು.

ಆ ಊರಿನ ಇನ್ನೊಂದು ಸಂಗತಿಯನ್ನು ಬಿಡಲಾರೆ. ಗರ್ಭದಲ್ಲಿರುವ ಕೂಸನ್ನು ತಾಯಿಯ ಮಾಸು ವಿಷದಿಂದ ಕಾಯುತ್ತದೆಂದು ಅಲ್ಲಿಯವರೆಗೆ ವೈದ್ಯರು ನಂಬಿದ್ದರು. ಮಿನಮಾಟದಲ್ಲಿ ಆ ನಂಬಿಕೆ ಮುರಿಯಿತು. ಆರೋಗ್ಯವಾಗಿಯೇ ಕಾಣುತ್ತಿದ್ದ ತಾಯಂದಿರಿಗೆ ಕೈಕಾಲು ತಿರುಚಿದ, ಮಾತು ಬಾರದ ಮಕ್ಕಳು ಹುಟ್ಟಿದರು. ತಾಯಿಯ ಮೈಯ ಪಾದರಸವನ್ನು ಕೂಸು ತನ್ನೊಳಗೆ ಎಳೆದುಕೊಂಡಿತ್ತು. ಅಂಥ ಮಗುವನ್ನು ಅಲ್ಲಿಯ ತಾಯಂದಿರು 'ನಿಧಿ' ಎಂದು ಕರೆದರು. ತನ್ನ ಪಾಲಿನ ಮತ್ತು ಮುಂದೆ ಹುಟ್ಟುವ ಒಡಹುಟ್ಟಿದವರ ಪಾಲಿನ ವಿಷವನ್ನು ಈ ಕೂಸು ತಾನೇ ಉಂಡಿತು ಎಂಬುದು ಅದರ ಅರ್ಥ.

ಇದನ್ನು ಓದಿದಾಗ ನಮ್ಮಲ್ಲಿ ಯಾರಿಗೆ ನಂಜುಂಡನ ಹೆಸರು ನೆನಪಾಗದು? ಕಪಿಲೆಯ ದಂಡೆಯ ನಂಜನಗೂಡಿಗೆ ಹೆಸರು ಬಂದುದೇ ಅದರಿಂದ. ಪುರಾಣವನ್ನು ಪುರಾಣವಾಗಿಯೇ ಇಟ್ಟುಕೊಂಡು ನೋಡೋಣ. ಕಡೆದವರು ಸುರರು ಮತ್ತು ಅಸುರರು. ಅವರಿಗೆ ಬೇಕಾಗಿದ್ದುದು ಅಮೃತ. ಮೊದಲು ಬಂದುದು ಹಾಲಾಹಲ. ಕಡೆದವರಲ್ಲಿ ಒಬ್ಬರೂ ಅದರ ಹತ್ತಿರ ಸುಳಿಯಲಿಲ್ಲ. ಕಡೆಯದೆ ಇದ್ದವನು ಅದನ್ನು ತಿಳಿದೇ ಎತ್ತಿ ಕುಡಿದನು, ಕಂಠದಲ್ಲಿ ನಿಲ್ಲಿಸಿಕೊಂಡನು. ಮಿನಮಾಟದ ಕೂಸೂ ಕಡೆದುದಲ್ಲ. ಆದರೆ ಅದಕ್ಕೆ ಯಾರೂ ಕೇಳಲಿಲ್ಲ. ಅದಕ್ಕೆ ಕಂಠವೂ ಇನ್ನೂ ಮೂಡಿರಲಿಲ್ಲ. ನಂಜುಂಡನನ್ನು ಹೊಗಳುವಾಗ ನಾವು ಕಡೆದವರನ್ನು ಮರೆಯುತ್ತೇವೆ. ಅವರು ಅಮೃತವನ್ನು ಹಂಚಿಕೊಳ್ಳುವಾಗ ಜಗಳವಾಡಿದರೇ ಹೊರತು ವಿಷದ ಪಾಲಿಗೆ ಜಗಳವಾಡಲಿಲ್ಲ.

ಇಷ್ಟನ್ನೂ ಹೇಳಿ, ನನ್ನ ಮಾತನ್ನು ಹೇಳದೆ ಹೋದರೆ ತಮಗೆ ವಂಚಿಸಿದಂತೆ. ನಮ್ಮದು ಮುಂಡರಗಿ ಸೀಮೆಯ ಒಂದು ಸಣ್ಣ ಹಳ್ಳಿ. 1989ರಲ್ಲಿ ತೀರ್ಥರೂಪರು ಲಿಂಗೈಕ್ಯರಾದರು. ಊರ ಸೇದುಬಾವಿಯು ಬತ್ತಿದ್ದುದರಿಂದ, ಅವರ ಹೆಸರಿನಲ್ಲಿ 1991ರಲ್ಲಿ ಶಾಲೆಯ ಬಳಿ ಒಂದು ಬೋರ್‌ವೆಲ್ ಕೊರೆಯಿಸಿ ಕೈಪಂಪು ಹಾಕಿಸಿದೆನು; ಕಟ್ಟೆಗೆ ಅವರ ಹೆಸರಿನ ಕಲ್ಲನ್ನು ಕೂಡಿಸಿದೆನು. ನೀರು ಸಮೃದ್ಧವಾಗಿ ಬಂದಿತು. ಸುಮಾರು ಹತ್ತು ವರುಷ ಕಳೆದ ಮೇಲೆ ಊರ ಮಕ್ಕಳ ಹಲ್ಲುಗಳ ಮೇಲೆ ಕಂದು ಗೆರೆಗಳನ್ನು ಕಂಡೆನು. ಅದು ಯಾತರದೆಂದು ನನಗೆ ಗೊತ್ತಿತ್ತು. ನೆಲದಾಳದ ಬಂಡೆಯಿಂದ ನೀರಿಗಿಳಿಯುವ ಫ್ಲೋರೈಡು ಸ್ವಲ್ಪವಿದ್ದರೆ ಹಲ್ಲಿಗೆ ಹಿತ, ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದರೆ ಹಲ್ಲಿಗೆ ಕಲೆ. ಇನ್ನೂ ಹೆಚ್ಚಾಗಿ ವರುಷಾನುಗಟ್ಟಲೆ ಕುಡಿದರೆ ಮೂಳೆಗೆ ಸೇರಿ ಬೆನ್ನು ಬಾಗದಂತಾಗುವುದು. ಕೋಲಾರ, ಪಾವಗಡ, ನಮ್ಮ ಸೀಮೆ, ಎಲ್ಲೆಲ್ಲಿ ಬಾವಿ ಬತ್ತಿ ಕೊಳವೆ ಆಳಕ್ಕಿಳಿಯಿತೋ ಅಲ್ಲೆಲ್ಲ ಈ ಪೀಡೆಯುಂಟು. 2004ರಲ್ಲಿ ನೀರನ್ನು ಪರೀಕ್ಷೆಗೆ ಕೊಟ್ಟೆನು. 3.2 ಎಂದು ಬರೆದ ಚೀಟಿ ಬಂದಿತು.

ಆ ಚೀಟಿಯನ್ನು ಹದಿನಾಲ್ಕು ತಿಂಗಳು ಪುಸ್ತಕದೊಳಗೆ ಇಟ್ಟುಕೊಂಡಿದ್ದೆನು. ಇನ್ನೊಮ್ಮೆ ಪರೀಕ್ಷೆ ಮಾಡಿಸಬೇಕು, ಬೇರೆ ನೀರಿಗೆ ದಾರಿಯಾಗದೆ ಹೇಳಿ ಫಲವೇನು, ಊರವರು ಗಾಬರಿಯಾದಾರು ಎಂದು ನನಗೆ ನಾನೇ ಹೇಳಿಕೊಂಡ ಕಾರಣಗಳಿಗೆ ಕೊರತೆಯಿರಲಿಲ್ಲ. ನಿಜವಾದ ಕಾರಣವು ಕಟ್ಟೆಯ ಮೇಲಿನ ಆ ಕಲ್ಲು. ತಂದೆಯ ಹೆಸರಿನ ಕೆಳಗಿನಿಂದ ವಿಷ ಬರುತ್ತಿದೆಯೆಂದು ಯಾವ ಬಾಯಿಂದ ಹೇಳಲಿ? ಆ ಹದಿನಾಲ್ಕು ತಿಂಗಳು ಮಕ್ಕಳು ಆ ನೀರನ್ನೇ ಕುಡಿದರು. ಅದಕ್ಕೆ ಮುಂಚಿನ ಹದಿಮೂರು ವರುಷಗಳ ಲೆಕ್ಕವನ್ನು ದೇವರು ಬೇಕಾದಂತೆ ಬರೆದುಕೊಳ್ಳಲಿ. ಈ ಹದಿನಾಲ್ಕು ತಿಂಗಳು ನನ್ನವು.

ಕಡೆಗೆ ಹೇಳಿದೆನು. ಚಾವಡಿಯಲ್ಲಿ ಹಿರಿಯರು ಸಿಟ್ಟಾಗಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು. "ನಿಮ್ಮ ಅಪ್ಪಾರ ಹೆಸರು ಹಂಗ ಇರಲಿ ಬಿಡ್ರಿ" ಎಂದು ಒಬ್ಬರು ಹೇಳಿದರು. ಬಾಂಗ್ಲಾದೇಶದಲ್ಲಿ ಪಾಷಾಣವುಳ್ಳ ಕೊಳವೆಬಾವಿಗಳಿಗೆ ಕೆಂಪು, ಕುಡಿಯಬಹುದಾದವುಗಳಿಗೆ ಹಸಿರು ಬಣ್ಣ ಬಳಿಯುತ್ತಾರೆಂದು ಓದಿದ್ದೆನು. ಅದರಂತೆ ಕೈಪಂಪಿಗೆ ಕೆಂಪು ಬಣ್ಣ ಹೊಡೆಸಿದೆವು. ಈಗ ಊರಲ್ಲಿ ಶುದ್ಧ ನೀರಿನ ಘಟಕವೊಂದಿದೆ. ನಾಣ್ಯ ಹಾಕಿ ಕೊಡ ತುಂಬಿಸಿಕೊಳ್ಳುತ್ತಾರೆ. ಅದು ಕೆಟ್ಟು ನಿಂತ ದಿನಗಳೂ ಉಂಟು. ಕೈಪಂಪಿನ ನೀರಿನಲ್ಲಿ ಬಟ್ಟೆ ಒಗೆಯುತ್ತಾರೆ, ದನಗಳ ಮೈ ತೊಳೆಯುತ್ತಾರೆ. ಪ್ರತಿ ವರ್ಷ ತಂದೆಯವರ ಪುಣ್ಯಸ್ಮರಣೆಗೆ ಊರಿಗೆ ಹೋದಾಗ ಬಣ್ಣವು ಮಾಸಿದೆಯೇ ಎಂದು ನೋಡಿ ಬರುತ್ತೇನೆ. ಕಳೆದ ಸಲ ಮಾಸಿತ್ತು. ಡಬ್ಬಿ ತರಿಸಿ ನಾನೇ ಹೊಡೆದೆನು.